ಹಳೇ ಕಾರ್ಖಾನೆ ಜಾಗ: ಕಟ್ಟುವ ಮೊದಲು ಮಣ್ಣಲ್ಲಿ ಏನಿದೆ ಎಂದು ನೋಡುವುದು ಹೇಗೆ?

ಬೆಂಗಳೂರಿನ ನಡುವಿದ್ದ ಗಿರಣಿಗಳ ಜಾಗ ಒಂದೊಂದಾಗಿ ಮಾಲ್, ಅಪಾರ್ಟ್‌ಮೆಂಟ್ ಆಗುತ್ತಿದೆ. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಕಡೆ ಈಗ ಮಂತ್ರಿ ಸ್ಕ್ವೇರ್ ಇದೆ. ಹಳೇ ಕಾರ್ಖಾನೆ ಜಾಗವೆಲ್ಲ ವಿಷ ಎಂದೇನಲ್ಲ. ಆದರೆ ವಿಷ ಇಲ್ಲ ಎನ್ನಬೇಕಾದರೂ ಪರೀಕ್ಷೆ ಆಗಿರಬೇಕು, ಅಲ್ವಾ? ಬಿಲ್ಡರ್ ತೋರಿಸುವ ‘ಸಾಯಿಲ್ ಟೆಸ್ಟ್’ ಪಿಲ್ಲರ್ ಭಾರವನ್ನು ನೆಲ ತಡೆಯುತ್ತದಾ ಎಂದು ನೋಡುವಂಥದ್ದು. ಮಣ್ಣಿಗೆ ಏನು ಸೇರಿಕೊಂಡಿದೆ ಎಂದು ನೋಡುವುದು ಬೇರೆಯೇ ಕೆಲಸ.

ಮೊದಲು ಕಾಗದ ಹುಡುಕಿ

ಎಲ್ಲಕ್ಕಿಂತ ಕಡಿಮೆ ಖರ್ಚಿನ ಹಂತ ಇದು. ಜಾಸ್ತಿ ಜನ ಹಾರಿಸಿಬಿಡುವುದೂ ಇದನ್ನೇ. ಹಳೇ ಸರ್ವೆ ನಕ್ಷೆ, ಕಟ್ಟಡದ ಪ್ಲ್ಯಾನ್, ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿದ್ದ ಅನುಮತಿ ಪತ್ರ, ಉಪಗ್ರಹದ ಹಳೇ ಚಿತ್ರಗಳನ್ನು ಒಟ್ಟು ಮಾಡಿ. ಅಲ್ಲಿ ದುಡಿದ ಹಿರಿಯರು ಸಿಕ್ಕರೆ ಅವರನ್ನು ಮಾತಾಡಿಸಿ. ಕೆಟ್ಟ ಎಣ್ಣೆಯನ್ನು ಯಾವ ಗುಂಡಿಗೆ ಸುರಿಯುತ್ತಿದ್ದರು ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಏನು ತಯಾರಾಗುತ್ತಿತ್ತು ಎಂದು ಗೊತ್ತಾದರೆ ಏನನ್ನು ಹುಡುಕಬೇಕು ಎಂದೂ ಗೊತ್ತಾಗುತ್ತದೆ. ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕವಾದರೆ ಕ್ರೋಮಿಯಂ, ನಿಕ್ಕಲ್, ಸಯನೈಡ್. ಬ್ಯಾಟರಿ ಕೆಲಸವಾದರೆ ಸೀಸ. ಪೆಟ್ರೋಲ್ ಬಂಕ್ ಆದರೆ ಬೆಂಜೀನ್. ಹಳೇ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಯಂತ್ರದ ಗ್ರೀಸ್ ತೊಳೆಯಲು ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಬಳಸಿರಬಹುದು.

ಆಮೇಲೆ ಜಾಗ ಸುತ್ತಿ. ಕಲೆ ಬಿದ್ದ ನೆಲ, ಹುಲ್ಲೇ ಹುಟ್ಟದ ಮೂಲೆ, ಒಡೆದ ಕಲ್ನಾರಿನ ಶೀಟು, ನೆಲದಿಂದ ಸುಮ್ನೆ ಮೇಲೆದ್ದ ಪೈಪು ಕಂಡರೆ ಗುರುತು ಹಾಕಿಕೊಳ್ಳಿ. ಆ ಪೈಪಿನ ಕೆಳಗೆ ಮರೆತುಹೋದ ಟ್ಯಾಂಕ್ ಇರಬಹುದು.

ಕೊರೆದು ನೋಡಿ

ಅನುಮಾನ ಇರುವ ಕಡೆ ಒತ್ತೊತ್ತಾಗಿ, ಉಳಿದ ಕಡೆ ಚೌಕ ಹಾಕಿಕೊಂಡು ಮಾದರಿ ತೆಗೆಯಬೇಕು. ಮೇಲಿನ ಮಣ್ಣು ಮಾತ್ರ ಸಾಲದು, ಬೇರೆ ಬೇರೆ ಆಳದ್ದು ಬೇಕು. ಆವಿಯಾಗುವ ರಾಸಾಯನಿಕದ ಅನುಮಾನ ಇದ್ದರೆ ಮಾದರಿ ತಕ್ಷಣ ಗಾಜಿನ ಬಾಟಲಿಗೆ, ಬಾಟಲಿ ಐಸ್ ಪೆಟ್ಟಿಗೆಗೆ. ಪರೀಕ್ಷೆಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬೇ ಆಗಲಿ.

ಅಂತರ್ಜಲ ಪರೀಕ್ಷಿಸಲು ತ್ರಿಕೋನದಂತೆ ಕನಿಷ್ಠ 3 ಬಾವಿ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ನೀರು ಯಾವ ಕಡೆ ಸಾಗುತ್ತಿದೆ ಎಂದು ಹೇಳಲಾಗದು. ಬೆಂಗಳೂರಿನಂಥ ಗಟ್ಟಿ ಬಂಡೆಯ ಊರಲ್ಲಿ ನೀರು ಬಿರುಕು ಹಿಡಿದು ಓಡುತ್ತದೆ, ಹಾಗಾಗಿ ಇನ್ನೂ ಹೆಚ್ಚು ಬಾವಿ ಬೇಕಾಗುತ್ತದೆ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ, ತಳ ಸೇರುತ್ತದೆ. ಮೇಲಿನ ನೀರನ್ನಷ್ಟೇ ಪರೀಕ್ಷಿಸಿದವರಿಗೆ ಅದು ಸಿಗುವುದೇ ಇಲ್ಲ.

ಎಷ್ಟು ಶುದ್ಧವಾದರೆ ಸಾಕು?

ಜಗಳ ಶುರುವಾಗುವುದು ಇಲ್ಲೇ. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿನ ಮಣ್ಣಿಗೆ ಸೇರಿದ್ದ ಪಾದರಸವನ್ನು ಕಿಲೋಗೆ 20 ಮಿಲಿಗ್ರಾಂಗೆ ಇಳಿಸಿದರೆ ಸಾಕು ಎಂದು ನಿಗದಿಯಾಯಿತು. ಹೋರಾಟಗಾರರು ಅದು ಸಾಲದು ಎಂದರು.

ಮೂರು ಪ್ರಶ್ನೆ ಕೇಳಿಕೊಳ್ಳಿ: ವಿಷ ಎಲ್ಲಿದೆ, ಯಾವ ದಾರಿಯಲ್ಲಿ ಬರುತ್ತದೆ, ಯಾರನ್ನು ತಲುಪುತ್ತದೆ? ಕಾಂಕ್ರೀಟ್ ಹಾಸಿನ ಪಾರ್ಕಿಂಗ್‌ಗೆ ಸಾಕಾಗುವ ಮಟ್ಟ ಮಕ್ಕಳು ಮಣ್ಣಲ್ಲಿ ಆಡುವ ಅಂಗಳಕ್ಕೆ ಸಾಕಾಗದು. ಆದ್ದರಿಂದ ಎಲ್ಲಿ ಏನು ಕಟ್ಟುತ್ತೀರಿ ಎಂದು ತೀರ್ಮಾನಿಸಿದ ಮೇಲೆಯೇ ಶುದ್ಧೀಕರಣದ ಲೆಕ್ಕ ಹಾಕಬೇಕು. ಮೊದಲೇ ಲೆಕ್ಕ ಹಾಕಿ ಆಮೇಲೆ ಪ್ಲ್ಯಾನ್ ಬದಲಿಸಿದರೆ ಎಲ್ಲ ವ್ಯರ್ಥ.

ತೊಳೆಯುವುದು

ಅಗೆದು ಲಾರಿಗೆ ತುಂಬಿಸುವುದು ಸುಲಭ. ಆದರೆ ಕಲುಷಿತ ಮಣ್ಣು ದಾಬಸ್‌ಪೇಟೆಯಲ್ಲಿ ಇರುವಂಥ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೇ ಹೋಗಬೇಕು. ಹೊರವಲಯದ ಯಾವುದೋ ಹಳ್ಳಕ್ಕೆ ಸುರಿದರೆ ಅದು ಶುದ್ಧೀಕರಣವಲ್ಲ, ಸಾಗಾಟ ಅಷ್ಟೇ. ಸಾಗಿಸದೆ, ಇದ್ದ ಜಾಗದಲ್ಲೇ ಮಣ್ಣು ತೊಳೆಯಬಹುದು, ಆವಿಯನ್ನು ಪಂಪಿನಿಂದ ಹೀರಬಹುದು, ಸೂಕ್ಷ್ಮಜೀವಿಗಳಿಂದ ಎಣ್ಣೆ ತಿನ್ನಿಸಬಹುದು, ಮೇಲೆ ಒಳ್ಳೇ ಮಣ್ಣು ಮುಚ್ಚಬಹುದು.

ಅಮೆರಿಕದ ಸಿಯಾಟಲ್‌ನಲ್ಲಿ 1906ರಿಂದ 1956ರವರೆಗೆ ಗ್ಯಾಸ್ ತಯಾರಿಸಿದ ಸ್ಥಾವರವನ್ನು ಭೂದೃಶ್ಯ ವಾಸ್ತುಶಿಲ್ಪಿ ರಿಚರ್ಡ್ ಹಾಗ್ ಉದ್ಯಾನ ಮಾಡಿದರು. ಹಳೇ ಗೋಪುರಗಳನ್ನು ಬೀಳಿಸಲಿಲ್ಲ. ಚರಂಡಿ ಕೆಸರು, ಮರದ ಹೊಟ್ಟು ಬೆರೆಸಿ ಉತ್ತು, ಮಣ್ಣಿನ ಜೀವಿಗಳಿಗೆ ಕೆಲಸ ಕೊಟ್ಟರು. 1975ರಲ್ಲಿ ಉದ್ಯಾನ ತೆರೆಯಿತು. 1984ರಲ್ಲಿ ಮಣ್ಣಲ್ಲಿ ಟಾರಿನ ವಿಷ ಕಂಡು ಕೆಲಕಾಲ ಮುಚ್ಚಬೇಕಾಯಿತು. ಮತ್ತೆ ಮಣ್ಣು ಹೊದಿಸಿದರು, ಮುಂದೆ ನೆಲಕ್ಕೆ ಗಾಳಿ ಊದಿ ಬೆಂಜೀನ್ ತೆಗೆದರು. ಹಾಗಾಗಿ ಶುದ್ಧೀಕರಣದ ಬಜೆಟ್‌ನಲ್ಲಿ ನಂತರದ ವರ್ಷಗಳ ಪರೀಕ್ಷೆಗೂ ಹಣ ಇಡಿ.

ಹಣ ಯಾರದ್ದು? ಕಲುಷಿತ ಜಾಗಗಳಿಗೆಂದೇ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಂದಿದೆ. ಮಲಿನ ಮಾಡಿದವರೇ ಖರ್ಚು ಕೊಡಬೇಕು ಎಂಬುದು ಅದರ ತಿರುಳು. ಅನುಮಾನದ ಜಾಗ ಕಂಡರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದುಕೊಡಿ.

ಕಟ್ಟುವಾಗ

ಆವಿ ಏಳುವ ಜಾಗದಲ್ಲಿ ತಳಪಾಯದ ಕೆಳಗೆ ಆವಿ ತಡೆಯುವ ಹಾಳೆ, ಅದನ್ನು ಹೊರಗೊಯ್ಯುವ ಪೈಪು ಬೇಕು. ನಮ್ಮ ಊರಿಗೆ ಇನ್ನೊಂದು ಮಾತು. ಮಳೆನೀರು ಇಂಗಿಸುವ ಗುಂಡಿ ಒಳ್ಳೆಯದೇ, ಆದರೆ ಇಂಥ ಜಾಗದಲ್ಲಿ ಅದು ವಿಷವನ್ನು ಅಂತರ್ಜಲಕ್ಕೆ ತಳ್ಳುತ್ತದೆ. ಮಳೆನೀರನ್ನು ಟ್ಯಾಂಕಿನಲ್ಲೇ ಹಿಡಿದಿಡಿ. ಬೋರ್‌ವೆಲ್ ಬೇಡ ಎಂಬುದನ್ನೂ, ಎಲ್ಲಿ ಅಗೆಯಬಾರದು ಎಂಬ ನಕ್ಷೆಯನ್ನೂ ಕ್ರಯಪತ್ರದ ಜೊತೆಗೇ ಸೇರಿಸಿ. ಇಲ್ಲದಿದ್ದರೆ ಮುಂದೆ ಬರುವ ನಿವಾಸಿಗಳ ಸಂಘ, ಬೇಸಿಗೆಯಲ್ಲಿ ನೀರು ಸಾಲದಾದಾಗ, ಒಂದೇ ಮೀಟಿಂಗ್‌ನಲ್ಲಿ ಬೋರ್ ಕೊರೆಸಲು ತೀರ್ಮಾನಿಸಿಬಿಡುತ್ತದೆ.