ಪಂಚಾಂಗದ ಮಳೆ ಫಲವನ್ನು ಒರೆಗೆ ಹಚ್ಚುವುದು ಹೇಗೆ?

ಯುಗಾದಿಯ ಪಂಚಾಂಗ ಶ್ರವಣದಲ್ಲಿ ಕೇಳಿಬರುವ ಮಳೆಯ ಮಾತಿಗೆ ಎರಡು ಮುಖಗಳಿದ್ದು, ಮೊದಲು ಅವನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಮಳೆ ನಕ್ಷತ್ರಗಳ ಲೆಕ್ಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುವುದರಿಂದ ಆರಿದ್ರಾ ಮಳೆ ಪ್ರತಿವರ್ಷ ಜೂನ್ 22ರ ಸುಮಾರಿಗೇ ಹುಟ್ಟುತ್ತದೆ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬಂಥ ಗಾದೆಗಳು ಈ ಲೆಕ್ಕದ ಮೇಲೆ ನಿಂತ ಬೇಸಾಯದ ಅನುಭವ. ಋತುಮಾನದ ಕೈಪಿಡಿಯಾಗಿ ಇದನ್ನು ಧಾರಾಳವಾಗಿ ನಂಬಬಹುದು. ಇನ್ನೊಂದು, ‘ಆರಿದ್ರಾದಲ್ಲಿ ಉತ್ತಮ ವೃಷ್ಟಿ, ಪುಷ್ಯದಲ್ಲಿ ಅಲ್ಪ ವೃಷ್ಟಿ’ ಎಂಬ ಆ ವರ್ಷದ ಫಲ. ಸೂರ್ಯನು ಆರಿದ್ರಾ ಪ್ರವೇಶಿಸುವುದು ಯಾವ ವಾರ (ಭಾನುವಾರ, ಸೋಮವಾರ ಇತ್ಯಾದಿ) ಎಂಬುದರಿಂದ ಮೇಘಾಧಿಪತಿಯನ್ನು, ಅಂದರೆ ಆ ವರ್ಷದ ಮಳೆಗೆ ಒಡೆಯನೆನಿಸುವ ಗ್ರಹವನ್ನು, ನಿರ್ಣಯಿಸುವ ಈ ಪದ್ಧತಿಯಲ್ಲಿ ಆಗುಂಬೆಗೂ ಚಳ್ಳಕೆರೆಗೂ ಒಬ್ಬನೇ ಅಧಿಪತಿ. ಒರೆಗೆ ಹಚ್ಚಬೇಕಾದದ್ದು ಈ ಫಲವನ್ನೇ.

ಮೃಗಶಿರದಿಂದ ಸ್ವಾತಿಯವರೆಗಿನ 11 ನಕ್ಷತ್ರಗಳ ಫಲವನ್ನು ಮಳೆಗಾಲಕ್ಕೆ ಮೊದಲೇ, ದಿನಾಂಕ ಸಹಿತ ಬರೆದಿಡಿ. ಮಳೆ ಬಂದುಹೋದ ಮೇಲೆ ಓದಿದರೆ ಯಾವ ಫಲವೂ ಸರಿಯೆನಿಸುತ್ತದೆ. ‘ಖಂಡವೃಷ್ಟಿ’ (ಅಲ್ಲಲ್ಲಿ ಮಾತ್ರ ಬೀಳುವ ಮಳೆ) ಎಂಬ ಪದವಂತೂ ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ಹಾಗಾಗಿ ಪ್ರತಿಯೊಂದು ಮಾತನ್ನೂ ಹೆಚ್ಚು, ಮಧ್ಯಮ, ಕಡಿಮೆ ಎಂಬ ಮೂರರಲ್ಲೊಂದಕ್ಕೆ ಆಗಲೇ ಸೇರಿಸಿಬಿಡಬೇಕು.

ಮುಂದಿನದು ಅಳತೆಗೋಲು, ಹೆಚ್ಚಿನವರು ಎಡವುವುದು ಇಲ್ಲಿಯೇ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಆರಿದ್ರಾಕ್ಕೆ ‘ಉತ್ತಮ ವೃಷ್ಟಿ’ ಎಂದರೆ ಅದು ಭವಿಷ್ಯವೇ ಅಲ್ಲ. ನಿಮ್ಮ ಊರಿಗೆ ಹತ್ತಿರದ ಮಳೆಮಾಪನ ಕೇಂದ್ರದ 30 ವರ್ಷಗಳ ದೈನಿಕ ದಾಖಲೆ ಪಡೆದು, ಪ್ರತಿ ನಕ್ಷತ್ರದ ಅವಧಿಯ ಮಳೆಯನ್ನು ಕೂಡಿ, ಆ 30 ಮೊತ್ತಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ. ಕೆಳಗಿನ ಹತ್ತು ಕಡಿಮೆ, ನಡುವಿನ ಹತ್ತು ಮಧ್ಯಮ, ಮೇಲಿನ ಹತ್ತು ಹೆಚ್ಚು. ದಾಖಲೆಯಲ್ಲಿರುವುದು ಬೆಳಿಗ್ಗೆ 8.30ಕ್ಕೆ ಕೊನೆಗೊಳ್ಳುವ 24 ಗಂಟೆಗಳ ಮಳೆಯಾದ್ದರಿಂದ, ನಕ್ಷತ್ರ ಬದಲಾಗುವ ದಿನದ ಮಳೆಯನ್ನು ಯಾವ ಕಡೆಗೆ ಸೇರಿಸುವಿರೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ.

ಬಳಿಕ ಪ್ರತಿ ನಕ್ಷತ್ರ ಮುಗಿದಾಗ ಬಿದ್ದ ಮಳೆಯನ್ನು ಫಲದ ಪಕ್ಕದಲ್ಲಿ ಬರೆಯುತ್ತ ಹೋಗಿ. ಒಂದು ವರ್ಷದ ಲೆಕ್ಕದಿಂದ ಏನೂ ತಿಳಿಯದು. ಐದು ವರ್ಷಕ್ಕೆ 55 ಫಲಗಳಾಗುತ್ತವೆ. ಮೂರರಲ್ಲೊಂದನ್ನು ಕಣ್ಣುಮುಚ್ಚಿ ಹೇಳಿದರೂ ಸುಮಾರು 18 ನಿಜವಾಗಬೇಕು, ಅದೃಷ್ಟ ಕೂಡಿಬಂದರೆ 25ರವರೆಗೂ ಹೋಗಬಹುದು. ಅದನ್ನು ಸ್ಪಷ್ಟವಾಗಿ ದಾಟದ ಫಲವನ್ನು ನೆಚ್ಚಿ ಬಿತ್ತನೆ ನಿರ್ಧರಿಸುವುದು ತರವಲ್ಲ. ಎರಡು ಪಂಚಾಂಗಗಳನ್ನು ಒಟ್ಟಿಗೆ ಪರೀಕ್ಷಿಸಿದರೆ, ಅವು ಎಷ್ಟು ಕಡೆ ಪರಸ್ಪರ ಒಪ್ಪುವುದಿಲ್ಲ ಎಂಬುದೂ ಗೊತ್ತಾಗುತ್ತದೆ.

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಹೊರಡಿಸುವ ಮುಂಗಾರು ಮುನ್ಸೂಚನೆಗೂ ಇದೇ ಕಟ್ಟುನಿಟ್ಟು ಸಲ್ಲಬೇಕು. ಆದರೆ ಅದನ್ನು ನಿಮ್ಮ ಹೋಬಳಿಯ ಮಳೆಯೊಂದಿಗೆ ಹೋಲಿಸುವುದು ನ್ಯಾಯವಲ್ಲ. ಅದರಲ್ಲಿನ ಶೇಕಡಾವಾರು ಅಂಕಿ ಇಡೀ ದೇಶದ ಜೂನ್–ಸೆಪ್ಟೆಂಬರ್ ಮಳೆಯದಾದ್ದರಿಂದ, ದೇಶದ ದೀರ್ಘಾವಧಿ ಸರಾಸರಿಯಾದ 87 ಸೆಂ.ಮೀ.ಗೇ ಅದನ್ನು ಹಿಡಿದು ನೋಡಬೇಕು.