ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ ಎಷ್ಟು ದೂರ? ದಾರ ಹಿಡಿದು ಅಳೆಯಿರಿ

ಮಗಳು ನೇರ ವಿಮಾನದ ಟಿಕೆಟ್ ಕಳಿಸಿದ್ದಾಳೆ ಅಂದುಕೊಳ್ಳಿ. ಜನವರಿಯ ಒಂದು ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ, ಅದೇ ಸೋಮವಾರ ಸಂಜೆ 4.30ಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ. ಎರಡೂವರೆ ಗಂಟೆಗೆ ಅಮೆರಿಕವಾ? ಮೊದಲ ಸಲ ಹೋಗುವ ಅಪ್ಪ–ಅಮ್ಮಂದಿರಿಗೆ ಇಲ್ಲೇ ಗೊಂದಲ ಶುರು. ಲೆಕ್ಕ ಸುಲಭ, ಮನೆಯಲ್ಲೇ ಮಾಡಬಹುದು.

ಮೊದಲು ದೂರ. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಡಬೇಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ ಚಿತ್ರ ಅದು, ದೂರ ತಪ್ಪುತ್ತದೆ. ಮಕ್ಕಳ ಗ್ಲೋಬ್ ತನ್ನಿ, ಹೂ ಕಟ್ಟುವ ದಾರ ತನ್ನಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿಕೊಳ್ಳಿ. ಇನ್ನೊಂದು ತುದಿಯನ್ನು ಸ್ಯಾನ್‌ಫ್ರಾನ್ಸಿಸ್ಕೊಗೆ ತಂದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಪೆಸಿಫಿಕ್ ಸಮುದ್ರದ ನಡುವೆ ಹೋಗುತ್ತದೆ ಅಂದುಕೊಂಡಿದ್ದವರಿಗೆ ಇದನ್ನು ನೋಡುವುದೇ ಒಂದು ಖುಷಿ.

ಈಗ ದಾರದ ಉದ್ದ ಅಳೆಯಿರಿ. 30 ಸೆಂ.ಮೀ. ಅಗಲದ ಗ್ಲೋಬ್ ಆದರೆ ಸುಮಾರು 33 ಸೆಂ.ಮೀ. ಬರುತ್ತದೆ. ಗ್ಲೋಬಿನ ನಡುಸುತ್ತಳತೆ 94 ಸೆಂ.ಮೀ. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. 33ನ್ನು 94ರಿಂದ ಭಾಗಿಸಿ, 40,000ದಿಂದ ಗುಣಿಸಿ. ಹತ್ತಿರಹತ್ತಿರ 14,000 ಕಿ.ಮೀ.!

ಹಾರಾಟದ ಹೊತ್ತು? ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಲ್ಲಿಗೆ ಹದಿನೈದೂವರೆ ಗಂಟೆ. ಏರುವಾಗ, ಇಳಿಯುವಾಗ ವೇಗ ಕಡಿಮೆ, ಅದಕ್ಕೆ ಅರ್ಧ ಗಂಟೆ ಸೇರಿಸಿ. ಒಟ್ಟು 16 ಗಂಟೆ. ಆದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಅದನ್ನು ನೋಡಿಕೊಂಡೇ ದಾರಿ ಬದಲಿಸುತ್ತಾರೆ, ಹಾಗಾಗಿ ಗಂಟೆ, ಎರಡು ಗಂಟೆ ಆಚೀಚೆ ಆಗುತ್ತದೆ. ನಡುವೆ ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಿದರೆ ಕಾಯುವ ಹೊತ್ತೂ ಸೇರಿ 20 ಗಂಟೆಗಿಂತ ಜಾಸ್ತಿ.

ಉಳಿದದ್ದು ಗಡಿಯಾರ. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ನೀವು ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟಾಗ ಅಲ್ಲಿ ಸೋಮವಾರ ನಡುರಾತ್ರಿ 12.30. ಅದಕ್ಕೆ 16 ಗಂಟೆ ಕೂಡಿಸಿ, ಸಂಜೆ 4.30. ಟಿಕೆಟ್‌ನಲ್ಲಿ ಇರುವುದೂ ಅದೇ ಅಲ್ವಾ?

ವಾಪಸ್ ಬರುವಾಗ ತಾರೀಖಿನ ಕಡೆ ಗಮನ ಇರಲಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದರು. ಹೊರಟದ್ದು ಶನಿವಾರ 9ರ ರಾತ್ರಿ 8.30ರ ಸುಮಾರಿಗೆ. ಆಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ 10. ಅದಕ್ಕೆ 17 ಗಂಟೆ ಕೂಡಿಸಿದರೆ ಸೋಮವಾರ 11ರ ಬೆಳಗಿನ ಜಾವ 3. ಅವರು ಇಳಿದದ್ದೂ ಆ ಹೊತ್ತಿಗೇ.

ನಮ್ಮ ಅತ್ತೆ ಒಮ್ಮೆ ಈ ತಾರೀಖಿನ ಲೆಕ್ಕ ತಪ್ಪಿ, ಮಗನನ್ನು ಕರೆತರಲು ಒಂದು ದಿನ ಮೊದಲೇ ದೇವನಹಳ್ಳಿಗೆ ಹೋಗಿ ಬೆಳಗಾಗುವವರೆಗೆ ಕಾದಿದ್ದರು. ಈಗ ಕ್ಯಾಲೆಂಡರ್‌ನಲ್ಲಿ ಸುಮ್ನೆ ‘ಸೋಮವಾರ’ ಅಂತ ಗುರುತು ಹಾಕುವುದಿಲ್ಲ. ‘ಭಾನುವಾರ ರಾತ್ರಿ ಊಟ ಮುಗಿಸಿ ಹೊರಡುವುದು’ ಎಂದೇ ಬರೆದಿಡುತ್ತಾರೆ.