ಕುಂದಾಪುರದ ಸೆಕೆಗೆ ತಕ್ಕ ಮನೆ

ನಮ್ಮ ಕಡೆ ಬಿಸಿಲಿಗಿಂತ ಸೆಕೆಯ ಕಾಟ ಜಾಸ್ತಿ. ಏಪ್ರಿಲಿನಲ್ಲಿ ಹಗಲು 34 ಡಿಗ್ರಿ ಇದ್ದರೆ ರಾತ್ರಿಯೂ 26ರ ಹತ್ತಿರ. ಬೆವರು ಆರುವುದೇ ಇಲ್ಲ. ವಿಜಯಪುರದ ಕಡೆ ದಪ್ಪ ಗೋಡೆ, ಸಣ್ಣ ಕಿಟಕಿಯ ಮನೆ ತಂಪಾಗಿರುತ್ತದೆ. ಅದನ್ನೇ ಕುಂದಾಪುರದಲ್ಲಿ ಕಟ್ಟಿದರೆ ಒಳಗೆ ಕೂರಲಾಗದು. ಇಲ್ಲಿ ಗಾಳಿ ಆಡಬೇಕು, ಮಾಡಿಗೆ ನೆರಳು ಬೇಕು. ಮನೆ ಕಟ್ಟಿಸುವಾಗ ನಾನು ಹಟ ಹಿಡಿದದ್ದು ಈ ಎರಡಕ್ಕೇ.

ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನಮ್ಮೂರಲ್ಲಿ ನೇರ ನೆತ್ತಿಯ ಮೇಲೆ. ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಕಾದು, ನಾವು ಮಲಗುವ ಹೊತ್ತಿಗೆ ಆ ಬಿಸಿಯನ್ನು ಕೆಳಗೆ ಬಿಡುತ್ತದೆ. ಬರೀ ಹೆಂಚು ಹೊದಿಸೋಣ ಅಂದರೆ ಮಂಗಗಳು ಬಿಡಬೇಕಲ್ಲ! ಮೇಸ್ತ್ರಿ ಒಂದು ಉಪಾಯ ಹೇಳಿದರು: “ಸ್ಲ್ಯಾಬನ್ನೇ ಇಳಿಜಾರು ಮಾಡಿ ಹೆಂಚು ಅಂಟಿಸುವ ಮಾರಾಯ್ರೇ, ನೋಡ್ಲಿಕ್ಕೂ ಚಂದ.” ಚಂದ ಹೌದು. ಆದರೆ ಅಂಟಿಸಿದ ಹೆಂಚಿನ ಬಿಸಿ ನೇರ ಸ್ಲ್ಯಾಬಿಗೇ ಇಳಿಯುತ್ತದೆ. ನಡುವೆ ಗಾಳಿ ಓಡಾಡಿದರೆ ಮಾತ್ರ ಹೆಂಚಿನಿಂದ ಲಾಭ.

ಹಾಗಾಗಿ ಸ್ಲ್ಯಾಬನ್ನು ಮಟ್ಟಸವಾಗಿಯೇ ಹಾಕಿಸಿ, ಮೇಲೆ ಕಬ್ಬಿಣದ ಪೈಪಿನ ಚೌಕಟ್ಟು (ಟ್ರಸ್) ನಿಲ್ಲಿಸಿ ಮಂಗಳೂರು ಹೆಂಚು ಹೊದಿಸಿದೆ. ಪೂರ್ವ ಪಶ್ಚಿಮ ಎರಡೂ ಕಡೆ ತೆರೆದೇ ಬಿಟ್ಟೆ. ಮಂಗ ಹೆಂಚು ಒಡೆದರೂ ಮನೆಯೊಳಗೆ ನೀರಿಲ್ಲ. ಹೆಂಚು ಸಿಕ್ಕಿದ್ದು ಕೆಡವುತ್ತಿದ್ದ ಒಂದು ಹಳೇ ಮನೆಯಿಂದ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಆರಿಸಿದೆವು. ಗಟ್ಟಿ ಹೆಂಚು ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದು. ಈಗ ಮಳೆಗಾಲದಲ್ಲಿ ಬಟ್ಟೆ ಒಣಗುವುದೂ ಆ ಹೆಂಚಿನಡಿಯಲ್ಲೇ.

ಗಾಳಿಯ ಲೆಕ್ಕ ಸ್ವಲ್ಪ ಕಷ್ಟ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬರುವುದು ಪಶ್ಚಿಮದಿಂದ. ಸುಡುವ ಬಿಸಿಲೂ ಅಲ್ಲಿಂದಲೇ, ಜೂನಿನ ಇರಚಲೂ ಅದೇ ಕಡೆಯಿಂದ. ಪಶ್ಚಿಮಕ್ಕೆ ಕಿಟಕಿಯೇ ಬೇಡ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ಕಡೆ ಅಗಲವಾದ ಜಗಲಿ ಮಾಡಿಸಿ ಸೂರನ್ನು ತಗ್ಗಿಗೆ ಇಳಿಸಿದೆ. ಬಿಸಿಲು ಜಗಲಿಯಲ್ಲೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ. ಮಳೆಗಾಲಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತೇವೆ. ಬಂದ ಗಾಳಿಗೆ ಹೊರಹೋಗಲು ಎದುರು ಗೋಡೆಯಲ್ಲೂ ಕಿಟಕಿ ಇರಲೇಬೇಕು, ಇಲ್ಲದಿದ್ದರೆ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಸುಮ್ನೆ. ಕೋಣೆಯ ಬಾಗಿಲುಗಳ ಮೇಲೂ ಜಾಲಿ ಬಿಡಿಸಿದ್ದೇನೆ. ಸೊಳ್ಳೆ ಪರದೆ ಗಾಳಿಯನ್ನು ತಡೆಯುತ್ತದೆ, ಅದಕ್ಕೇ ಕಿಟಕಿಯ ಅಳತೆಯನ್ನು ಮೊದಲೇ ಹಿಗ್ಗಿಸಿಕೊಳ್ಳಿ.

ಗೋಡೆ ನಮ್ಮ ಕೆಂಪುಕಲ್ಲಿನದೇ. ಹೊರಗೆ ಗಾರೆ ಇಲ್ಲ, ಸಂದು ಮಾತ್ರ ತುಂಬಿಸಿದ್ದೇವೆ. ಸೂರು ಚಾಚಿರುವುದರಿಂದ ಕಲ್ಲು ನೆನೆಯುವುದು ಕಡಿಮೆ.

ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಗಾಳಿ ಪೂರ್ತಿ ನಿಂತುಬಿಡುವ ದಿನಗಳಿವೆ. ಆಗ ಎಂಥ ಮನೆಯಾದರೂ ಸೆಕೆಯೇ. ಅಂಥ ರಾತ್ರಿಗಳಿಗೆ ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟಾರಿನ ಫ್ಯಾನ್ ಹಾಕಿಸಿದ್ದೇನೆ. ಹಳೇ ಫ್ಯಾನು 75 ವ್ಯಾಟ್ ತಿಂದರೆ ಇದಕ್ಕೆ ಸುಮಾರು 30 ಸಾಕು. ಅಮ್ಮನ ಕೋಣೆಗೆ ಎಸಿ ಪಾಯಿಂಟ್ ಕೊಡಿಸಿದ್ದೆ. ಸದ್ಯ ಅದರಲ್ಲಿ ಮೊಬೈಲ್ ಚಾರ್ಜ್ ಆಗುತ್ತಿದೆ.